ಗಾಳಿಗೆ ದಾರಿ ಬಿಟ್ಟ ಮಂಟೇಸ್ವಾಮಿ

ಬೆಳಿಗ್ಗೆ ಐದೂವರೆ. ಕಾಮಗೆರೆಯಿಂದ ಹನೂರಿಗೆ ಹೋಗುವ ರಸ್ತೆಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ರಸ್ತೆಬದಿಯ ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಮಂಟೇಸ್ವಾಮಿ ಒಂದು ಜೀಪಿನ ಮುಂದೆ ಮಂಡಿಯೂರಿ, ಮಗ್ಗಿನಲ್ಲಿ ಕದಡಿದ ಸೋಪಿನ ನೊರೆಯನ್ನು ಪೈಪುಗಳ ಸಂದಿಗೆ ಬಳಿಯುತ್ತಿದ್ದಾರೆ. ಪೈಪಿನೊಳಗೆ ಕಂಪ್ರೆಸರ್‌ನಿಂದ ಗಾಳಿ ತುಂಬಿದೆ. ಎಲ್ಲಾದರೂ ಸೋರಿದರೆ ನೊರೆ ಗುಳ್ಳೆ ಏಳಬೇಕು, ಇಲ್ಲವೇ ‘ಸುಯ್’ ಅನ್ನಬೇಕು. ಆ ಸದ್ದು ಕೇಳಲಿಕ್ಕೆಂದೇ ಅವರು ಇಷ್ಟು ಬೇಗ ಏಳುವುದು.

“ಏಳ್ ಗಂಟೆ ಆಯ್ತು ಅಂದ್ರೆ ಬಸ್ಸು, ಟ್ರ್ಯಾಕ್ಟರು, ಕಬ್ಬಿನ್ ಲಾರಿ ಸುರುವಾಯ್ತವೆ ಸಾ. ಆಮೇಕೆ ಇದ್ರ ಉಸ್ರು ಎಲ್ಲಿ ಕೇಳ್ತದೆ?”

ಇವತ್ತು ಗುಳ್ಳೆಯೂ ಇಲ್ಲ, ಸದ್ದೂ ಇಲ್ಲ. ಬೇರೆ ದಿನವಾಗಿದ್ದರೆ ಖುಷಿಪಡುವ ಮಾತು. ಆದರೆ ಮಂಟೇಸ್ವಾಮಿಯ ಮುಖ ಸಪ್ಪಗಿದೆ. ಸೋರಿಕೆ ಸಿಕ್ಕಿದ್ದರೆ ಒಂದು ಕ್ಲಾಂಪು ಬಿಗಿದು ಮುಗಿಸಬಹುದಿತ್ತು. ಎಲ್ಲವೂ ಸರಿಯಿದ್ದೂ ಜೀಪು ಘಾಟಿ ಹತ್ತುವುದಿಲ್ಲ ಅಂದರೆ ಏನು ಮಾಡುವುದು?

ಜೀಪು ಗೋಪಿನಾಥಂನ ಪರಮೇಶನದು. ಬಸ್ಸು ಅಪರೂಪವಾದ ಆ ಕಾಡಂಚಿನ ಊರಿಗೆ ಆಸ್ಪತ್ರೆ ದಾರಿಯೆಂದರೆ ಈ ಜೀಪೇ. ಪಾಲಾರಿನಿಂದ ಮಾದಪ್ಪನ ಬೆಟ್ಟ ಹತ್ತಿ, ಈಚೆ ಇಳಿದು, ಹನೂರು ದಾಟಿ ಕಾಮಗೆರೆ ಆಸ್ಪತ್ರೆಗೆ ಬರಬೇಕು. ಪರಮೇಶನ ತಂಗಿ ಆಶಾರಾಣಿಗೆ ದಿನ ತುಂಬಿದೆ. ಸೋಮವಾರ ಬಂದು ಸೇರಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಇವತ್ತು ಶನಿವಾರ.

ಹೋದ ತಿಂಗಳು ಕಲ್ಲು ಸಿಡಿದು ಜೀಪಿನ ಇಂಟರ್‌ಕೂಲರ್ ತೂತಾಗಿತ್ತು. ಅದರ ಜಾಗಕ್ಕೆ ಕೊಯಮತ್ತೂರಿನಿಂದ ತರಿಸಿದ ದೊಡ್ಡದೊಂದನ್ನು ಮಂಟೇಸ್ವಾಮಿ ಬುಧವಾರವಷ್ಟೇ ಕೂರಿಸಿದ್ದರು. ಆವತ್ತು ಖಾಲಿ ಜೀಪು ಹನೂರು ರಸ್ತೆಯಲ್ಲಿ ಹಾರಿಕೊಂಡು ಹೋಯಿತು, ಬೆಟ್ಟವನ್ನೂ ದಾಟಿತು. ಗುರುವಾರ ಎಂಟು ಜನರನ್ನು ತುಂಬಿಕೊಂಡು ಪಾಲಾರಿನಿಂದ ಬೆಟ್ಟ ಹತ್ತುವಾಗ ಮೂರನೇ ತಿರುವಿನಲ್ಲೇ ಕರಿ ಹೊಗೆ ಉಗುಳಿ ನಿಂತಿತು.

ಇಂಟರ್‌ಕೂಲರ್ ಅಂದರೇನು ಅಂತ ಕೇಳಿದರೆ ಮಂಟೇಸ್ವಾಮಿ ಮೇಷ್ಟ್ರಾಗಿಬಿಡುತ್ತಾರೆ. “ಟರ್ಬೊ ಅನ್ನೋದು ಗಾಳೀನ ಅಮುಕಿ ಅಮುಕಿ ಇಂಜಿನ್ಗೆ ತುಂಬ್ತದೆ. ಅಮುಕುದ್ರೆ ಗಾಳಿ ಕಾಯ್ತದೆ. ಕಾದ್ ಗಾಳಿ ಕುಡುದ್ರೆ ಇಂಜಿನ್ನು ಏದುಸ್ರು ಬುಡ್ತದೆ. ಅದ್ನ ತಣ್ಣಗ್ ಮಾಡಿ ಕುಡ್ಸೋದೇ ಇದ್ರ ಕೆಲ್ಸ. ಬಿಸಿ ಕಾಪೀನ ಲೋಟದಿಂದ ಲೋಟಕ್ಕೆ ಆರುಸ್ತೀವಲ್ಲ, ಅಂಗೆ.”

ಐವತ್ತಾರರ ಮಂಟೇಸ್ವಾಮಿ ಲೊಕ್ಕನಹಳ್ಳಿಯವರು. ರಾಗಿ ಹೊಲಕ್ಕೆ ಮೂರು ವರ್ಷ ಬಿಡದೆ ಆನೆ ಇಳಿದಾಗ ಕೊಳ್ಳೇಗಾಲಕ್ಕೆ ಬಂದು ರೇಡಿಯೇಟರ್ ಬೆಸುಗೆ ಕಲಿತರು. ಕಾಮಗೆರೆಯ ಈ ಶೆಡ್ಡಿಗೆ ಇಪ್ಪತ್ತೆರಡು ವರ್ಷ. ದಿನಕ್ಕೆ ಎರಡೋ ಮೂರೋ ಗಾಡಿ ಬರುತ್ತವೆ. ಇದುವರೆಗೆ ಹಾಕಿದ ಇಂಟರ್‌ಕೂಲರ್ ಮೂವತ್ತೊಂದು. ನಂಬದಿದ್ದರೆ ಶೆಡ್ಡಿನ ಹಿಂದೆ ಹೋಗಿ ಎಣಿಸಿಕೊಳ್ಳಿ. ಬಿಚ್ಚಿದ ಹಳೆಯವೆಲ್ಲ ಹೆಂಡತಿ ರಂಗಮ್ಮನ ಸೊಪ್ಪಿನ ಮಡಿಗೆ ಬೇಲಿಯಾಗಿವೆ! ಬಿಚ್ಚಿದ ಪೈಪಿನ ಬಾಯಿಗೆ ತುರುಕುವ ಕೆಂಪು ಬಟ್ಟೆಯೂ ರಂಗಮ್ಮನ ಹಳೆಯ ಸೀರೆಯದೇ. ಒಂದು ನಟ್ಟು ಒಳಗೆ ಬಿದ್ದರೂ ಇಂಜಿನ್ನಿನ ಕತೆ ಮುಗಿದಂತೆ, ಅದಕ್ಕೇ ಆ ಬಟ್ಟೆ.

ಆರು ಗಂಟೆಗೆ ರಂಗಮ್ಮ ಊದುಬತ್ತಿ ಹಿಡಿದು ಬರುತ್ತಾರೆ. ಮನೆಯ ಪಟಕ್ಕೆ ತೋರಿಸಿ, ಶೆಡ್ಡಿನಲ್ಲಿರುವ ಗಾಡಿಗಳಿಗೂ ತೋರಿಸುವುದು ಅವರ ಪದ್ಧತಿ. ಪರಮೇಶನ ಜೀಪಿನ ಮೂತಿಗೆ ಹಿತ್ತಾಳೆ ತಗಡಿನಲ್ಲಿ ಬಡಿದ ಮಾದಪ್ಪನಿದ್ದಾನೆ, ಹುಲಿಯ ಮೇಲೆ ಕುಳಿತವನು, ಎರಡಡಿ ಅಗಲ. ರಿಪೇರಿಯಾದ ಗಾಡಿ ಮಾದಪ್ಪನನ್ನು ಮುಂದಿಟ್ಟುಕೊಂಡೇ ಬೆಟ್ಟ ಹತ್ತಬೇಕು ಅನ್ನುವುದು ಈ ಕಡೆಯವರ ನಂಬಿಕೆ. ಬುಧವಾರ ಪರಮೇಶ ತಂದುಕೊಟ್ಟ ಆ ತಗಡನ್ನು ಮಂಟೇಸ್ವಾಮಿಯೇ ವಿಭೂತಿ ಇಟ್ಟು, ಭಕ್ತಿಯಿಂದ ನಾಲ್ಕು ಬೋಲ್ಟು ಬಿಗಿದು ಕೂರಿಸಿದ್ದರು.

ರಂಗಮ್ಮ ಊದುಬತ್ತಿ ಬೆಳಗುತ್ತಾರೆ. ರಸ್ತೆ ಕಡೆಯಿಂದ ತಂಗಾಳಿ ಬೀಸುತ್ತಿದೆ. ಹೊಗೆ ನೇರ ಹೋಗಿ ತಗಡಿಗೆ ತಗುಲಿ, ಎಡಕ್ಕೂ ಬಲಕ್ಕೂ ಸೀಳಿ ಹೊರಟುಹೋಗುತ್ತದೆ. ಒಂದೆಳೆಯೂ ಒಳಗೆ ನುಗ್ಗುವುದಿಲ್ಲ.

ಮಂಟೇಸ್ವಾಮಿಯ ಕೈಲಿದ್ದ ಬ್ರಷ್ಷು ಕೆಳಗೆ ಬೀಳುತ್ತದೆ. “ಅಯ್ಯೋ ನನ್ ಬುದ್ಧಿಗಿಷ್ಟು! ರಂಗಮ್ಮ, ಒಸಿ ಅಂಗೇ ನಿಂತ್ಕೊ!” ಮನೆಯೊಳಗಿನ ಫ್ಯಾನು ತಂದು ಜೀಪಿನ ಮುಂದಿಟ್ಟು, ಇಂಟರ್‌ಕೂಲರಿನ ಹಿಂದೆ ಅಂಗೈ ಒಡ್ಡುತ್ತಾರೆ. ಗಾಳಿಯ ಸುಳಿವೇ ಇಲ್ಲ. ಹೊರಗಿನ ಗಾಳಿ ಬಡಿದರೆ ತಾನೇ ಅದು ತಣ್ಣಗಾಗುವುದು, ಆ ದಾರಿಗೇ ತಗಡು ಅಡ್ಡ ಕೂತಿದೆ.

ಶೆಡ್ಡಿನ ಬೆಂಚಿನ ಮೇಲೆ ಮಲಗಿದ್ದ ಪರಮೇಶ ಎದ್ದು ಬಂದು, ವಿಷಯ ಕೇಳಿ ತಬ್ಬಿಬ್ಬಾಗುತ್ತಾನೆ. “ಮಾದಪ್ಪನ್ನ ತೆಗುದ್ಬುಡದಾ ಅಣ್ಣ? ಇಂಥ ಟೈಮಲ್ಲಿ? ಮನೇಲಿ ಅವ್ವ ಒಪ್ಪಾಕಿಲ್ಲ.”

“ತೆಗ್ಯೋದು ಯಾಕ್ಲಾ? ತಪ್ಪು ಅವನ್ದಲ್ಲ, ನಂದು. ಮೂಗಿನ್ ಮೇಲೆ ಕೂರುಸ್ಬುಟ್ಟಿದ್ದೆ, ನೆತ್ತಿ ಮೇಲೆ ಕೂರುಸ್ತೀನಿ ತಡಿ.”

ಒಂಬತ್ತು ಗಂಟೆಯೊಳಗೆ ಜೀಪಿನ ನೆತ್ತಿಗೆ ಎರಡು ಕಬ್ಬಿಣದ ಆಂಗಲ್ ಬೆಸೆದು, ಮಾದಪ್ಪನನ್ನು ಅಲ್ಲಿಗೆ ಏರಿಸಿದ್ದಾಯಿತು. ಪರಮೇಶ ದೂರ ನಿಂತು ನೋಡುತ್ತಾನೆ. ಅವನ ಮುಖ ಅರಳುತ್ತದೆ. “ಇಲ್ಲಿದ್ರೆ ಎಲ್ರಿಗಿಂತ ಮೊದ್ಲು ಬೆಟ್ಟ ಕಾಣೋದು ಅವ್ನಿಗೇಯ!”

ಪರೀಕ್ಷೆಗೆಂದು ಜೀಪಿಗೆ ಹತ್ತು ಮೂಟೆ ರಾಗಿ ಹೇರಿ, ಮಂಟೇಸ್ವಾಮಿಯೂ ಹತ್ತಿ ಕೂರುತ್ತಾರೆ. ಹನೂರಿನ ಆಚೆ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟದ ಏರು ಶುರು. ಮೊದಲ ತಿರುವು, ಎರಡನೆಯದು, ಮೂರನೆಯದು. ಅವರು ಕಣ್ಣು ಮುಚ್ಚಿ ಬರೀ ಇಂಜಿನ್ನಿನ ಸದ್ದು ಕೇಳುತ್ತಿದ್ದಾರೆ. ಜೀಪು ಎಲ್ಲೂ ಮುಗ್ಗರಿಸದೆ ಬೆಟ್ಟದ ಮೇಲೆ ಬಂದು ನಿಲ್ಲುತ್ತದೆ. ಮಂಟೇಸ್ವಾಮಿ ಇಳಿದು ಪರಮೇಶನ ಎರಡೂ ಕೈ ಹಿಡಿದುಕೊಳ್ಳುತ್ತಾರೆ.

“ಕೆಟ್ಟೋಯ್ತು ಅಂತ ಬೇರೆ ಗ್ಯಾರೇಜಿಗೆ ಓಗ್ದೆ ನನ್ನತ್ರಕ್ಕೇ ತಂದ್ಯಲ್ಲ. ನನ್ ತಪ್ಪು ನನ್ ಕೈಲೇ ಸರಿ ಮಾಡುಸ್ದೆ. ನಿನ್ನ ಉಪ್ಕಾರ ಮರ್ಯಾಕಿಲ್ಲ ಕಣ್ಲಾ.”

ಉಪಕಾರ ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು! ಪಾಪ, ಪರಮೇಶ ತಲೆ ಕೆರೆದುಕೊಳ್ಳುತ್ತಾನೆ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಮಂಟೇಸ್ವಾಮಿ ಎಂಟು ಗಂಟೆಯಿಂದ ಒಂದೇ ನಟ್ಟು ಬಿಚ್ಚುತ್ತಿದ್ದಾರೆ, ಮತ್ತೆ ಬಿಗಿಯುತ್ತಿದ್ದಾರೆ. ಹನೂರಿನ ಕಡೆಯಿಂದ ಮೊದಲು ಕಾಣಿಸುವುದು ಬಿಸಿಲಿಗೆ ಥಳಥಳಿಸುವ ಹಿತ್ತಾಳೆ. ಜೀಪು ನಿಲ್ಲುವುದಿಲ್ಲ. ಎರಡು ಸಲ ಹಾರ್ನ್ ಹೊಡೆದು ಆಸ್ಪತ್ರೆಯತ್ತ ಸಾಗುತ್ತದೆ. ಸ್ಪ್ಯಾನರ್ ಹಿಡಿದ ಕೈಯನ್ನೇ ಎತ್ತಿ ಮಂಟೇಸ್ವಾಮಿ ಮುಗಿಯುತ್ತಾರೆ. ಮೂಗೆಳೆಯುತ್ತಾ ರಂಗಮ್ಮ ಸೊಪ್ಪಿನ ಮಡಿಯ ಕಡೆ ತಿರುಗಿಕೊಳ್ಳುತ್ತಾರೆ.

ಆಶಾರಾಣಿಗೆ ಹೆಣ್ಣು ಮಗು. ಮಾರನೆಯ ದಿನ ಗಂಡ ಹೆಂಡತಿ ನೋಡಲು ಹೋಗುತ್ತಾರೆ. ಮಂಟೇಸ್ವಾಮಿ ಸೀಗೆಪುಡಿ ಹಾಕಿ ಮೂರು ಸಲ ಕೈ ಉಜ್ಜಿಕೊಂಡು ಬಂದಿದ್ದಾರೆ. ಆದರೂ ಉಗುರಿನ ಸಂದಿಯ ಕಪ್ಪು ಹೋಗಿಲ್ಲ.

“ಎತ್ಕೊಳಿ ಅಣ್ಣ” ಎಂದು ಆಶಾರಾಣಿ ಮಗುವನ್ನು ಮುಂದೆ ಹಿಡಿಯುತ್ತಾಳೆ.

“ಬ್ಯಾಡ ಕಣವ್ವ, ಗ್ರೀಸ್ ಕೈ” ಎಂದು ಅವರು ಹಿಂದೆ ಸರಿಯುತ್ತಾರೆ. ಆದರೂ ತಡೆಯಲಾಗುವುದಿಲ್ಲ. ಬಗ್ಗಿ, ಮುಟ್ಟದೆ, ಮಗುವಿನ ಮೂಗಿನ ಹತ್ತಿರ ಅಂಗೈ ಒಡ್ಡುತ್ತಾರೆ. ಸಣ್ಣಗೆ, ಬೆಚ್ಚಗೆ ಗಾಳಿ ತಾಗುತ್ತದೆ.

“ಚೆನ್ನಾಗ್ ಉಸ್ರಾಡ್ತಾಳೆ ಕಣವ್ವ” ಅನ್ನುತ್ತಾರೆ ಮಂಟೇಸ್ವಾಮಿ. “ಎಲ್ಲೂ ಸೋರಾಕಿಲ್ಲ.”