ಅವ್ವನ ವಯಸ್ಸು ಮತ್ತು ಶ್ರೀಲಂಕಾದ ಹಡಗು

ಜೂನ್ ಒಂದರಂದು ಶುಭಾಶಯ ಕಳಿಸಿ ಕಳಿಸಿ ನನ್ನ ಹೆಬ್ಬೆರಳು ನೋಯುತ್ತದೆ. ನನ್ನ ಗೆಳೆಯರಲ್ಲಿ ಅರ್ಧಕ್ಕರ್ಧ ಮಂದಿ ಅಂದೇ ಹುಟ್ಟಿದವರು. ಅವರ ತಾಯಂದಿರು ಮಾತಾಡಿಕೊಂಡು ಹೆತ್ತರೆಂದು ತಿಳಿಯಬೇಡಿ. ಜನ್ಮ ಕೊಟ್ಟವರು ತಾಯಂದಿರಾದರೂ ಜನ್ಮದಿನಾಂಕ ಕೊಟ್ಟವರು ಸಾಲಿಯ ಮಾಸ್ತರರು. ಅಂಥ ದಾನಶೂರರಲ್ಲಿ, ಮಸೂತಿ ಎಂಬ ಊರಿನ ಸಾಲಿಯಲ್ಲಿ ಹೆಡ್‌ಮಾಸ್ತರರಾಗಿದ್ದ ನಮ್ಮಪ್ಪನೂ ಒಬ್ಬರು.

ದಿನಾಂಕಗಳ ಈ ಮಹಿಮೆ ನನಗೆ ಪೂರ್ತಿಯಾಗಿ ಅರಿವಾದದ್ದು ಸಿಂದಗಿಯಲ್ಲಿರುವ ತಂಗಿಯ ದೆಸೆಯಿಂದ. ಅಪ್ಪ-ಅವ್ವನನ್ನು ಕರೆದುಕೊಂಡು ಎಲ್ಲರೂ ಮುಂಬಯಿಯಿಂದ ಶ್ರೀಲಂಕಾಕ್ಕೆ ಹಡಗಿನಲ್ಲಿ ಹೋಗಿಬರುವುದೆಂದು ನಿಶ್ಚಯಿಸಿದ ಅವಳು, ಕಾಗದಪತ್ರಗಳ ಹೊಣೆಯನ್ನು ಮಾತ್ರ ಇಂಡಿಯಲ್ಲಿರುವ ನನ್ನ ಕೊರಳಿಗೆ ಕಟ್ಟಿದಳು. ನಾನು ನಿವೃತ್ತ ಕನ್ನಡ ಉಪನ್ಯಾಸಕ. ಸಂಧಿ ಬಿಡಿಸಬಲ್ಲೆ, ಅರ್ಜಿ ತುಂಬಲಾರೆ. ಆಧಾರ್ ಕಾರ್ಡಿನಲ್ಲಿ ಅವ್ವ ಶಾಂತವ್ವ, ವಯಸ್ಸು ಎಪ್ಪತ್ತೆಂಟು. ಮತದಾರರ ಚೀಟಿಯಲ್ಲಿ ಶಾಂತಾಬಾಯಿ, ವಯಸ್ಸು ಎಪ್ಪತ್ತಾರು. ಪಾಸ್‌ಪೋರ್ಟಿಗೆ ಅವಳು ಓದಿದ ಸಾಲಿಯ ದಾಖಲೆಯೇ ಗತಿ ಎಂದರು ತಿಳಿದವರು.

"ಆ ದಾಖಲಾ ಎಲ್ಲಾ ಸುಟ್ಟು ಹೋಗ್ಯಾವ," ಎಂದಳು ಅವ್ವ.

ಸುಟ್ಟಿಲ್ಲವೆಂದು ಫೋನಿನಲ್ಲಿ ವಿಚಾರಿಸಿ ತಿಳಿದುಕೊಂಡೆ. "ನೀರ ಕಂಡ್ರ ನನಗ ತಲಿ ತಿರಗತೈತಿ, ನಾ ಬರಂಗಿಲ್ಲ," ಎಂದಳು. ಹಡಗಿಗೆಂದೇ ಎರಡು ಇಳಕಲ್ ಸೀರೆ ತೆಗೆದಿರಿಸಿದ್ದ ಹೆಂಗಸು!

ಕೊನೆಗೆ ಒಲ್ಲದ ಮನಸ್ಸಿನಿಂದ ತನ್ನ ತವರಾದ ನಾಲತವಾಡಕ್ಕೆ ನನ್ನೊಡನೆ ಬಂದಳು. ಸಾಲಿಯ ಮುಖ್ಯೋಪಾಧ್ಯಾಯಿನಿ ಹಳೆಯ ರಜಿಸ್ಟರಿನ ಧೂಳು ಕೊಡವಿ ಓದಿದ ದಿನಾಂಕ ಜೂನ್ ಒಂದಲ್ಲ, ಅಪ್ಪಟ ಅಸಲಿ. ಅದರ ಪ್ರಕಾರ ಅವ್ವನಿಗೆ ಎಂಬತ್ತೆರಡು. ಅಪ್ಪನಿಗೆ ಎಂಬತ್ತು.

ಇದರ ಗಾಂಭೀರ್ಯ ನಿಮಗೆ ತಿಳಿಯಬೇಕಾದರೆ ಒಂದು ಮಾತು ಹೇಳಬೇಕು. ಮಗಳ ಮದುವೆಯಿಂದ ಹಿಡಿದು ಬದನೆಕಾಯಿಯವರೆಗೆ ಯಾವ ವಾದವೇ ಇರಲಿ, "ನಾ ನಿನಗಿಂತ ಎರಡು ವರ್ಷ ದೊಡ್ಡಾಂವ, ಸುಮ್ಮಕಿರು," ಎಂಬ ಬ್ರಹ್ಮಾಸ್ತ್ರದಿಂದಲೇ ಅಪ್ಪ ಅದನ್ನು ಮುಗಿಸುತ್ತಿದ್ದರು.

ಬರುವಾಗ ಬಸವನ ಬಾಗೇವಾಡಿಯಲ್ಲಿ ಚಹಾಕ್ಕೆ ಇಳಿದಾಗ ಅವ್ವ ಬಾಯಿಬಿಟ್ಟಳು. "ನಿಮ್ಮಪ್ಪನ ಮನ್ಯಾಗ ಸಣ್ಣ ಹುಡುಗಿನ ಬೇಕಂದ್ರು. ನಮ್ಮಪ್ಪ ನಾಕು ವರ್ಷ ಕಡಿಮಿ ಹೇಳಿಬಿಟ್ಟ. ನಿಮ್ಮಪ್ಪಗ ಹೇಳಬ್ಯಾಡಪಾ." ನಾನು ಚಹಾದ ಮೇಲೆ ಆಣೆ ಮಾಡಿದೆ.

ಆದರೆ ವಿಜಯಪುರದ ಪಾಸ್‌ಪೋರ್ಟ್ ಕೇಂದ್ರದಲ್ಲಿ ಕೂತ ಹುಡುಗಿ ಯಾವ ಆಣೆಗೂ ಒಳಪಟ್ಟವಳಲ್ಲ. ಇಬ್ಬರ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು, "ಅಜ್ಜಾರ, ಅಜ್ಜಿ ನಿಮಗಿಂತ ಎರಡು ವರ್ಷ ದೊಡ್ಡವರು ಅಂತ ಬರಾಕತ್ತೈತಿ. ಖರೇನ್ರಿ?" ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿದಳು. ಅಪ್ಪ ಇಲ್ಲವೆಂದಿದ್ದರೆ ನಮ್ಮ ಹಡಗು ಅಲ್ಲಿಯೇ ಮುಳುಗುತ್ತಿತ್ತು. ಅವ್ವ ಸೆರಗಿನ ತುದಿಯನ್ನು ಹೊಸೆದು ಹಗ್ಗ ಮಾಡಿದ್ದಳು. ಅಪ್ಪ ಕನ್ನಡಕ ಏರಿಸಿ ಕಾಗದವನ್ನು ಎರಡು ಸಲ ಓದಿದರು. ಅಷ್ಟೊಂದು ಹುಸಿ ದಿನಾಂಕಗಳನ್ನು ಹಂಚಿದ ಕೈಗೆ ನಿಜವಾದದ್ದೊಂದು ಸಿಕ್ಕಾಗ ಗುರುತು ಹತ್ತದಿದ್ದೀತೆ?

"ಖರೇ ಐತವ್ವಾ," ಎಂದರು. "ಸಾಲಿ ದಾಖಲಾ ಸುಳ್ಳ ಹೇಳಂಗಿಲ್ಲ."

ನಾನು ಕೆಮ್ಮಿ ನಗೆ ಮುಚ್ಚಿಕೊಂಡೆ.

ಪಾಸ್‌ಪೋರ್ಟುಗಳು ಬಂದವು, ಹಡಗೂ ಹೊರಟಿತು. ಅಪ್ಪ ಮಾತ್ರ ಆ ವಿಷಯ ಎತ್ತಲೇ ಇಲ್ಲ. ಎರಡನೆಯ ದಿನ ಸಂಜೆ, ನಾಲ್ಕೂ ದಿಕ್ಕಿಗೆ ನೀರೇ ಇರುವಾಗ, ಹಡಗಿನ ಮೇಲಟ್ಟದಲ್ಲಿ ಕೂತು ತಟ್ಟನೆ ಕೇಳಿದರು:

"ಅರವತ್ತೆರಡು ವರ್ಷ ಸಂಸಾರ ಮಾಡಿದಿ. ಒಂದು ಮಾತು ಯಾಕ ಹೇಳಲಿಲ್ಲ?"

ಅವ್ವ ಹೊಸ ಸೀರೆಯ ನೆರಿಗೆ ಸರಿಪಡಿಸಿಕೊಂಡಳು. "ನೀವು ಸಣ್ಣವರಿದ್ರಿ. ಮನಸಿಗಿ ಹಚ್ಕೊಂತಿದ್ರಿ."

ಅಪ್ಪ ಸಮುದ್ರ ನೋಡಿದರು, ಅವ್ವನನ್ನು ನೋಡಿದರು. ಆಮೇಲೆ ಎದ್ದು, ಕೈಗಂಬಿ ಹಿಡಿದುಕೊಂಡು ಮೆಲ್ಲಗೆ ಹೋಗಿ, ಅವಳಿಗೊಂದು ಚಹಾ ತಂದುಕೊಟ್ಟರು. ನಾನು ಕಂಡಂತೆ ಅದೇ ಮೊದಲ ಸಲ.