ಕಾರಿನ ಡಿಕ್ಕಿಯಲ್ಲಿ ಗುಡುಗು ಕೂರಿಸುವ ಮಂಜಿ

ಹಟ್ಟಿಕೇರಿಯ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೆಳಗಿನ ಆರೂವರೆಗೇ ಒಂದು ಬಿಳಿ ಕಾರು ಡಿಕ್ಕಿ ತೆರೆದುಕೊಂಡು ನಿಂತಿದೆ. ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಮೊಣಕಾಲೂರಿ, ನಲವತ್ತೊಂಬತ್ತರ ಮಂಜಿ ಮೂಲೆಮೂಲೆಗೂ ಕಾಗದದ ಟೇಪು ಅಂಟಿಸುತ್ತಿದ್ದಾರೆ. ಹೊರಗೆ ಕಾಣುವುದು ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ, ಎರಡು ಒಡೆದ ಹಿಮ್ಮಡಿ. ಭಾವಿಕೇರಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಾರೆ. ಬಿಸಿಲೇರಿತೋ, ಗಟ್ಟಿಕಾರಕ ಬೆರೆಸಿದ ರೆಸಿನ್ ಅಂಟು ಕುಂಚಕ್ಕೆ ಹತ್ತುವ ಮೊದಲೇ ಡಬ್ಬಿಯಲ್ಲಿ ಕಲ್ಲಾಗಿಬಿಡುತ್ತದೆ. ಅದಕ್ಕೇ ಈ ಅವಸರ.

"ಒಂದ್ ಬದಿ ಟೇಪು ತಪ್ಪಿದ್ರೆ ಪೆಟ್ಟಿಗೆ ಗಾಡಿಗೇ ಅಂಟ್ಕಂತದೆ. ಮತ್ತೆ ಕೊಯ್ದೇ ತೆಗೀಬೇಕು. ಗಾಡಿ ಯಜಮಾನ್ರು ಆಮೇಲೆ ನಮ್ಮನ್ನೇ ಕೊಯ್ತ್ರು," ಎಂದು ಒಳಗಿನಿಂದಲೇ ನಗುತ್ತಾರೆ.

ಮಂಜಿ ಕಟ್ಟುವುದು ವೂಫರ್ ಪೆಟ್ಟಿಗೆ. ಹೆದ್ದಾರಿಯಲ್ಲಿ ಕೆಲವು ಕಾರುಗಳು ಹಾದುಹೋದರೆ ಅಂಗಡಿಯ ಗಾಜು, ನಿಂತವರ ಎದೆ ಎರಡೂ ಧಿಮಿಧಿಮಿ ಎನ್ನುತ್ತವಲ್ಲ, ಆ ಗುಡುಗು ಹೊರಡುವುದು ಊಟದ ತಟ್ಟೆಯಷ್ಟಗಲದ ಒಂದು ಸ್ಪೀಕರಿನಿಂದ. ಸ್ಪೀಕರ್ ಎಷ್ಟೇ ದುಬಾರಿಯದಿರಲಿ, ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸದಿದ್ದರೆ ಅದು ಬರೀ ಗೊರಗೊರ. ಮರದ ಪೆಟ್ಟಿಗೆ ಇಟ್ಟರೆ ಡಿಕ್ಕಿಯೆಲ್ಲ ಅದಕ್ಕೇ ಆಯಿತು; ಮನೆಯವರ ಚೀಲ ಇಡುವುದೆಲ್ಲಿ? ಹಾಗಾಗಿ ಹಿಂದಿನ ಚಕ್ರದ ಬದಿಗಿರುವ ಗುಳಿಯೊಳಗೇ ಫೈಬರಿನ ಪೆಟ್ಟಿಗೆ ಎರಕ ಹೊಯ್ದಂತೆ ಕಟ್ಟಬೇಕು. ಒಂದು ಕಾರಿಗೆ ಕಟ್ಟಿದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಟೇಪಿನ ಮೇಲೆ ಬೆಳ್ಳಿ ಕಾಗದ, ಅದರ ಮೇಲೆ ರೆಸಿನ್, ರೆಸಿನ್ ಮೇಲೆ ಗಾಜಿನ ನಾರಿನ ಚಾಪೆ. ಚಾಪೆಯನ್ನು ಮಂಜಿ ಕತ್ತರಿಯಿಂದ ಕತ್ತರಿಸುವುದಿಲ್ಲ, ಕೈಯಲ್ಲೇ ಹರಿಯುತ್ತಾರೆ. ಹರಿದ ಅಂಚು ಒಂದರೊಳಗೊಂದು ಬೆರೆಯುತ್ತದೆ, ಕತ್ತರಿಸಿದ್ದು ಗೆರೆ ಬಿಟ್ಟು ಅಲ್ಲೇ ಬಿರಿಯುತ್ತದೆ. ಡಿಕ್ಕಿಯಲ್ಲೇ ಮೂರು ಪದರ. ಅದು ಗಟ್ಟಿಯಾದ ಮೇಲೆ ಹೊರಗೆಳೆದು ಮತ್ತೆ ಮೂರು. ಆಮೇಲೆ ಸ್ಪೀಕರ್ ಕೂರುವ ಮರದ ಬಳೆ, ಅದರ ಮೇಲೆ ಬಿಗಿದ ಬಟ್ಟೆ, ಬಟ್ಟೆಗೂ ರೆಸಿನ್, ಪುಟ್ಟಿ, ಕೊನೆಗೆ ಉಜ್ಜುವ ಕೆಲಸ. ಒಂದು ಪೆಟ್ಟಿಗೆಗೆ ನಾಲ್ಕು ದಿನ. ಮಳೆಗಾಲದಲ್ಲಿ ಆರಾದರೂ ಆದೀತು, ಥಂಡಿಗೆ ರೆಸಿನ್ ಹಟ ಹಿಡಿಯುತ್ತದೆ.

ಪೆಟ್ಟಿಗೆಯೊಳಗೆ ಎಷ್ಟು ಗಾಳಿ ಹಿಡಿಯಬೇಕೆಂಬುದಕ್ಕೂ ಲೆಕ್ಕವಿದೆ. ಕೆಲಸ ಕೊಡುವ ಕಾರ್ ಸ್ಟೀರಿಯೋ ಅಂಗಡಿಯಿಂದ ಬರುವ ಚೀಟಿಯಲ್ಲಿ ಅದು ಲೀಟರಿನಲ್ಲಿರುತ್ತದೆ. ಮಂಜಿ ಅಳೆಯುವುದು ಭತ್ತದಲ್ಲಿ! ಶೆಡ್ಡಿನ ಮೂಲೆಯಲ್ಲಿ ಒಂದು ಮೂಟೆ ಭತ್ತ, ಒಂದು ಹಳೆಯ ಕೊಳಗ ಇವೆ. ಕೊಳಗಕ್ಕೆ ಎಷ್ಟು ನೀರು ಹಿಡಿಯುತ್ತದೆಂದು ಒಮ್ಮೆ ಬಾಟಲಿಯಿಂದ ಅಳೆದು ಇಟ್ಟುಕೊಂಡವರು, ಅಲ್ಲಿಂದೀಚೆ ಪೆಟ್ಟಿಗೆಗೆ ಭತ್ತ ತುಂಬಿ, ಕುಲುಕಿ, ಮೇಲ್ಮೈ ಸವರಿ, "ಎಂಟು ಕೊಳಗ ಹಿಡೀತು, ಸಾಕು" ಎನ್ನುತ್ತಾರೆ. ಈವರೆಗೆ ಯಾರೂ ಅಳತೆ ತಪ್ಪಿತೆಂದು ವಾಪಸು ಬಂದಿಲ್ಲ.

ಬರುವುದಾದರೂ ಯಾರ ಹತ್ತಿರ? ಪೆಟ್ಟಿಗೆ ಮಂಜಿ ಕಟ್ಟಿದ್ದೆಂದು ಕಾರಿನವರಿಗೆ ಗೊತ್ತೇ ಇಲ್ಲ. ಅವರು ಕಾರು ಬಿಡುವುದು ಬಿಣಗಾದ ಅಂಗಡಿಯಲ್ಲಿ, ಒಯ್ಯುವುದೂ ಅಲ್ಲಿಂದಲೇ. ಅಂಗಡಿ ಯಜಮಾನ ಸೂರಜ್‌ಗೆ ಮೂವತ್ತೈದರ ಆಸುಪಾಸು. ಹೊಗಳಿಕೆಯೆಲ್ಲ ಅವರ ಮೊಬೈಲಿಗೇ ಬರುತ್ತದೆ. ಗೋವಾದ ಗಾಡಿಗಳೂ ಹುಡುಕಿಕೊಂಡು ಬರುತ್ತವೆ. "ಮಾವ್ಶಿ ಕಟ್ಟಿದ್ದು ಅಂದ್ರೆ ಗಿರಾಕಿ ನಂಬೂದಿಲ್ಲ ಹೋ. ಗದ್ದೆ ನಟ್ಟಿ ಮಾಡೋ ಹೆಂಗಸು ನನ್ನ ಗಾಡಿ ಮುಟ್ಟಿದ್ಳಾ ಅಂತಾರೆ. ಏನ್ ಮಾಡ್ಲಿ ಸಾಂಗಾ, ನೀವೇ ಹೇಳಿ," ಎಂದು, ಮಂಜಿಯನ್ನು ಕೊಂಕಣಿಯಲ್ಲಿ ಚಿಕ್ಕಮ್ಮನೆಂದೇ ಕರೆಯುವ ಸೂರಜ್ ಕೈ ಚೆಲ್ಲುತ್ತಾರೆ. ಮಾತು ಕೇಳಿದರೆ ಸಿಟ್ಟು ಬರುತ್ತದೆ. ಮಂಜಿಗೆ ಬರುವುದಿಲ್ಲ. ಅವರ ತಲೆಯಲ್ಲಿ ಅದಕ್ಕಿಂತ ದೊಡ್ಡ ಚಿಂತೆ ಕೂತಿದೆ.

ಚಿಂತೆಯ ಹೆಸರು ತಿಮ್ಮು. ಮಂಜಿಯ ಗಂಡ, ಈ ಕೆಲಸದಲ್ಲಿ ಮಂಜಿಯ ಗುರು. ಹತ್ತೊಂಬತ್ತು ವರ್ಷ ಫೈಬರ್ ದೋಣಿ ಕಟ್ಟುವ ಶೆಡ್ಡೊಂದರಲ್ಲಿ ದುಡಿದವರು. ದೋಣಿಯ ಹೊಟ್ಟೆಯೊಳಗೆ ಕೂತು, ಮೂಗಿಗೆ ಬರೀ ಪಂಚೆಯ ಚುಂಗು ಕಟ್ಟಿಕೊಂಡು, ಗಾಜಿನ ಹುಡಿ ಹಾರಿಸುತ್ತ ಉಜ್ಜಿದವರು. ಸೂರಜ್ ಅಂಗಡಿ ತೆರೆದಾಗ ಪೆಟ್ಟಿಗೆ ಕಟ್ಟಲು ಕರೆದದ್ದು ತಿಮ್ಮು ಅವರನ್ನೇ. ಚಾಪೆ ಹರಿದುಕೊಡಲು ಮಂಜಿ ಜೊತೆಗೆ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಎರಡನೇ ಪದರ ಹಾಕುತ್ತಿದ್ದ ತಿಮ್ಮು ಡಿಕ್ಕಿಯಿಂದ ಹೊರಗೆ ಬಂದು, ನೆಲಕ್ಕೆ ಕೂತು, ಬಾಯಿ ತೆರೆದು ಗಾಳಿಗೆ ಹುಡುಕಾಡಿದರು. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಅರೆಬರೆ ನಿಂತಿದ್ದ ಆ ಪೆಟ್ಟಿಗೆಯನ್ನು ಮುಗಿಸಿದ್ದು ಮಂಜಿ. ಅದು ಮೊದಲನೆಯದು. ಈಗ ನೂರ ಎಪ್ಪತ್ತು ದಾಟಿದೆ.

"ಪೆಟ್ಟಿಗೆ ಎಲ್ಲೂ ಸೋರದ ಹಂಗೆ ಗಾಳಿ ಹಿಡ್ಸೂದು ನಂಗೆ ಬತ್ತದೆ. ಗದ್ದಿ ಬದು ಕಟ್ದಂಗೇ ಅದು. ನಮ್ಮ ಹುಡ್ಗಿ ಭವ್ಯಾನ ಅಪ್ಪನ ಎದಿಲಿ ಗಾಳಿ ನಿಲ್ಸೂದು ಮಾತ್ರ ಯಾರ ಹತ್ರ ಕಲೀಬೇಕು ಹೇಳು ತಂಗಿ," ಎಂದು ನನ್ನತ್ತ ತಿರುಗುವಾಗ ಮಂಜಿಯ ಕೈ ಕುಂಚ ಹಿಡಿದೇ ನಿಲ್ಲುತ್ತದೆ.

ತಿಮ್ಮು ಈಗ ಜಗಲಿಯ ಮಂಚ ಬಿಟ್ಟು ಹೆಚ್ಚು ಏಳುವುದಿಲ್ಲ. ಪಕ್ಕದಲ್ಲಿ ಬಾಡಿಗೆಗೆ ತಂದ ಆಕ್ಸಿಜನ್ ಮಷೀನು ಗುಂಯ್ ಎನ್ನುತ್ತಿರುತ್ತದೆ. ಅದು ನಡೆಯುವುದು ಮಂಜಿಯ ದುಡಿಮೆಯಿಂದ. ಆದರೆ ಆ ದುಡಿಮೆಯೇ ಗಂಡನ ಉಸಿರು ಕಟ್ಟಿಸುತ್ತಿದೆ ಎಂಬ ಕೊರಗು ಮಂಜಿಯನ್ನು ಒಳಗೊಳಗೇ ತಿಂದುಹಾಕಿತ್ತು. ಸಂಜೆ ಅಂಗಳಕ್ಕೆ ಕಾಲಿಟ್ಟರೆ ಸಾಕು, ಮಂಚದಿಂದ ಕೂಗು: "ಏ ಮಂಜೀ, ವಾಸ್ನಿ ಬತ್ತದೆ. ಮಿಂದ್ಕಂಡು ಬಾ!" ರೆಸಿನ್ ವಾಸನೆ ಗೊತ್ತಿದ್ದವರಿಗೆ ಗೊತ್ತು, ಮೂಗಿಗೆ ಚುಚ್ಚಿ ತಲೆಗೇರುತ್ತದೆ, ಕೂದಲಿಗೆ ಹಿಡಿದರೆ ಒಂದು ಸ್ನಾನಕ್ಕೆ ಬಿಡುವುದಲ್ಲ. ಮಂಜಿ ಬಾವಿಕಟ್ಟೆಗೆ ಹೋಗಿ, ಶೆಡ್ಡಿನ ಸೀರೆ ಬಕೆಟ್ಟಿನಲ್ಲಿ ಅದ್ದಿ, ದಿನಾ ತಲೆಗೆ ಸೀಗೆ ಹಾಕಿ ಮೀಯುತ್ತಿದ್ದರು. ಶೆಡ್ಡಿನಲ್ಲಿ ಮೂಗಿಗೆ ಸೂರಜ್ ತಂದುಕೊಟ್ಟ ದಪ್ಪ ಮಾಸ್ಕು ಹಾಕುತ್ತಿದ್ದರು, ಮೈತುಂಬ ಅಂಗಿ ತೊಡುತ್ತಿದ್ದರು. ಇದನ್ನೆಲ್ಲ ಮೊದಲೇ ತಿಮ್ಮು ಹೇಳಿ ಹೇಳಿ ಸೋತಿದ್ದರು. ಆಗೆಲ್ಲ ಮಂಜಿಯದು ಒಂದೇ ಮಾತು: "ನಂಗೆಂತ ಆತದೆ? ನಾ ಗಟ್ಟಿ ಇದ್ದೆ." ಗಂಡನ ಮೂಗಿಗೆ ತೊಂದರೆಯಾಗುತ್ತದೆ ಎಂದಾಗ ಮಾತ್ರ ಎಲ್ಲಕ್ಕೂ ಒಗ್ಗಿದರು.

ಮಿಂದು ಬಂದರೂ ತಿಮ್ಮುಗೆ ಕೆಮ್ಮು ಬರುತ್ತಿತ್ತು. ಮಂಜಿ ಮತ್ತೆ ಹೋಗಿ ಮೀಯುತ್ತಿದ್ದರು. ಕೆಲವು ಸಂಜೆ ಮೂರು ಸಲ. ಆಮೇಲೆ ಹತ್ತಿರ ಹೋಗುವುದನ್ನೇ ಬಿಟ್ಟರು. ಗಂಜಿಯ ಬಟ್ಟಲನ್ನು ಮಗಳು ಭವ್ಯಾ ಕೈಯಲ್ಲಿ ಕಳಿಸುವುದು, ತಾವು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಲ್ಲಿಂದಲೇ ಮಾತಾಡುವುದು. ಅಂಕೋಲೆಯ ಬಟ್ಟೆಯಂಗಡಿಗೆ ಕೆಲಸಕ್ಕೆ ಹೋಗುವ ಭವ್ಯಾ ಅಪ್ಪನ ಬೆನ್ನು ನೀವುತ್ತಿದ್ದಳು, ಮಂಜಿ ದೂರದಿಂದ ನೋಡುತ್ತಿದ್ದರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವರು ಗಂಡನ ಮಂಚದ ಅಂಚಿಗೂ ಕೂರದೆ ಮೂರು ಮಳೆಗಾಲ ಕಳೆದರು.

ಕಳೆದ ಆಷಾಢದ ಒಂದು ಶನಿವಾರ ಮಂಜಿ ಗಟ್ಟಿ ಮನಸ್ಸು ಮಾಡಿ ಸೂರಜ್‌ಗೆ ಹೇಳಿಬಿಟ್ಟರು: "ಇದೇ ಕಡೇ ಪೆಟ್ಟಿಗೆ. ಸೋಮಾರದಿಂದ ನಾ ಬರೂದಿಲ್ಲ. ಮಷೀನಿಗೆ ಎಂತಾದ್ರೂ ಬೇರೆ ದಾರಿ ನೋಡ್ತೆ. ನನ್ನ ಕೈಯಿಂದ್ಲೇ ಅವ್ರನ್ನ ಕೊಲ್ಲೂಕೆ ನಂಗಾಗೂದಿಲ್ಲ." ಸೂರಜ್ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಡುವಾಗ ಚಿಕ್ಕ ಡಬ್ಬಿಯೊಂದಕ್ಕೆ ಗಟ್ಟಿಕಾರಕ ಬೆರೆಸದ ರೆಸಿನ್ ತುಂಬಿಕೊಂಡರು. ಬಾವಿಕಟ್ಟೆಯ ಡ್ರಮ್ಮು ಸೀಳುಬಿಟ್ಟಿತ್ತು, ಅದಕ್ಕೆ ತೇಪೆ ಹಾಕಬೇಕಿತ್ತು. ಇನ್ನು ಶೆಡ್ಡಿಗೆ ಬರುವುದಿಲ್ಲವಲ್ಲ. ಮನೆ ತಲುಪುವಾಗ ಜಡಿಮಳೆ. ಗಂಡನ ಔಷಧವೂ ಅದೇ ಚೀಲದಲ್ಲಿತ್ತು, ನೆನೆಯಬಾರದೆಂದು ಚೀಲವನ್ನು ಬಾಗಿಲೊಳಗೆ ನೂಕಿ ಮೀಯಲು ಓಡಿದರು. ಔಷಧದ ಚೀಲವೆಂದು ಭವ್ಯಾ ಅದನ್ನು ಎಂದಿನಂತೆ ಅಪ್ಪನ ಮಂಚದ ಕೆಳಗಿಟ್ಟಳು. ಅವಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಡಬ್ಬಿಯ ಮುಚ್ಚಳ ಸಡಿಲಾಗಿತ್ತು.

ಮಿಂದು ಬಂದು ಮಂಜಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರೆ, ತಿಮ್ಮು ಮೂಗೆಳೆದು ನೋಡಿ, "ಹಾಂ, ಈಗ ಅಡ್ಡಿಲ್ಲ" ಎಂದರು. ಮಂಜಿಯ ಮೂಗಿಗೋ ದಿನವೆಲ್ಲ ಅದೇ ವಾಸನೆ. ಮನೆಯೊಳಗಿನದು ಬೇರೆಯೆಂದು ತಿಳಿಯಲೇ ಇಲ್ಲ. ಗೊತ್ತಾದದ್ದು ಮರುದಿನ ಬೆಳಿಗ್ಗೆ, ಹಾಲು ಕೊಡಲು ಬಂದ ನೆರೆಮನೆಯ ಕಾಶಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಾಗ: "ಅಯ್ಯಬ್ಯಾ, ಎಂತ ನಾತ ಮಾರಾಯ್ತಿ ಇದು!" ಮಂಜಿ ಹುಡುಕುತ್ತ ಹೋದರೆ ಮಂಚದ ಕೆಳಗೆ ರೆಸಿನ್ ಚೆಲ್ಲಿ ಚೀಲ ತೊಯ್ದಿದೆ. ಅದರ ನೇರ ಮೇಲೆ ತಿಮ್ಮು, ಎಂದಿಗಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಅಷ್ಟೇ ಕೆಮ್ಮುತ್ತ ಮಲಗಿದ್ದಾರೆ. "ಕಾಶಿಗೆ ಎಂತ ಆತು?" ಎಂದು ಕೇಳಿದರಂತೆ.

ಮಂಜಿ ಚೀಲ ತೆಗೆದು ಹಿತ್ತಿಲಿಗೆ ಒಯ್ದರು, ನೆಲ ತೊಳೆದರು. ಮರುದಿನ ಬೆಳಿಗ್ಗೆ ಒಬ್ಬರೇ ಡಾಕ್ಟರ ಮುಂದೆ ಹೋಗಿ ನಿಂತರು. ಡಾಕ್ಟರು ಹೇಳಿದ್ದು ಇಷ್ಟು: ತಿಮ್ಮು ಅವರ ಮೂಗಿಗೆ ವಾಸನೆ ಹತ್ತದೆ ಮೂರು ವರ್ಷ ಮೇಲಾಯಿತು. ಮಿಂದು ಬಂದ ಮೈಯ ವಾಸನೆಗಲ್ಲ ಆ ಕೆಮ್ಮು, ಎದೆಯೊಳಗೆ ಹಳೆಯ ಹುಡಿ ಕೂತಿದೆ, ಅದರದು. ಹೆಂಡತಿಗೆ ಹೇಳಬೇಡಿ ಎಂದು ಅವರೇ ಕೈ ಮುಗಿದಿದ್ದರು. ಹೇಳಿದರೆ ನಾಳೆಯಿಂದ ಮಾಸ್ಕು ಮೂಲೆಗೆಸೆಯುತ್ತಾಳೆ, ಆ ಹುಡಿ ಮೈಮೇಲೆ ಹೊತ್ತೇ ಮಲಗುತ್ತಾಳೆ, ನನ್ನ ಗತಿಯೇ ಅವಳಿಗೂ ಬರುತ್ತದೆ ಎಂದಿದ್ದರು. ಇನ್ನೊಂದು ಮಳೆಗಾಲ ಕಂಡರೆ ಅವರ ಪುಣ್ಯ ಎಂಬುದನ್ನೂ ಡಾಕ್ಟರು ಮುಚ್ಚಿಡಲಿಲ್ಲ.

"ಬಸ್ ಸ್ಟ್ಯಾಂಡಿನಲ್ಲಿ ಅಳ್ತಾ ಕುಂತೆ ತಂಗಿ. ಎಷ್ಟು ಬಸ್ ಹೋದ್ವೋ ಗೊತ್ತಿಲ್ಲ," ಎನ್ನುತ್ತಾರೆ ಮಂಜಿ. "ಅವ್ರು ಹೇಳಿದ್ದು ಮಿಂದ್ಕಂಡು ಬಾ ಅಂತ ಅಷ್ಟೇ. ಹತ್ರ ಬರ್ಬೇಡ ಅಂತ ಒಂದಿನಾನೂ ಹೇಳ್ಲಿಲ್ಲ. ದೂರ ಕುಂತದ್ದು ನಾನೇ. ನಾ ದೂರ ಕುಂತದ್ದು ಕಂಡೂ ಅವ್ರು ಬಾಯಿ ಬಿಡ್ಲಿಲ್ಲ. ಬಿಟ್ರೆ ಸುಳ್ಳು ಗೊತ್ತಾತದಲ್ಲ. ಮೂರು ವರ್ಷ ಹೋತು, ಸುಮ್ನೆ."

ಆವತ್ತಿನಿಂದ ಮಂಜಿ ಹೊಸ್ತಿಲಲ್ಲಿ ಕೂರುವುದಿಲ್ಲ. ಮಿಂದು, ಒದ್ದೆ ಕೂದಲಿನಲ್ಲೇ ಗಂಜಿ ತೆಗೆದುಕೊಂಡು ಬಂದು ಮಂಚದ ಅಂಚಿಗೆ ಕೂತು ಊಡಿಸುತ್ತಾರೆ. ಮೊದಲ ದಿನ ತಿಮ್ಮು ಬಟ್ಟಲು ನೋಡಲಿಲ್ಲ, ಹೆಂಡತಿಯ ಮುಖವನ್ನೇ ನೋಡಿದರಂತೆ. ಏನೂ ಕೇಳಲಿಲ್ಲ. ಗುಟ್ಟು ತಿಳಿದದ್ದನ್ನು ಮಂಜಿಯೂ ಹೇಳಿಲ್ಲ. ಸೋಮವಾರ ಬರುವುದಿಲ್ಲ ಎಂದವರು ಮಂಗಳವಾರ ಮೊದಲ ಬಸ್ಸಿಗೇ ಶೆಡ್ಡಿಗೆ ಬಂದು ಮಾಸ್ಕು ಕೇಳಿದಾಗ ಸೂರಜ್ ಬೆಪ್ಪಾದರು.

ಇಷ್ಟೆಲ್ಲ ಪತ್ರಿಕೆಯಲ್ಲಿ ಬಂದರೆ ತಿಮ್ಮು ಅವರಿಗೆ ತಿಳಿಯದೇ? ಮಂಜಿ ಅದಕ್ಕೂ ತಯಾರಿದ್ದಾರೆ. "ಅವ್ರಿಗೆ ಓದೂಕೆ ಬರೂದಿಲ್ಲ. ಭವ್ಯಾ ಓದಿ ಹೇಳ್ತದೆ. ಪೆಟ್ಟಿಗೆದು ಮಾತ್ರ ಓದು, ಮುಂದಿಂದು ಬಿಡು ಅಂದಿದ್ದೆ."

ಹನ್ನೊಂದು ಗಂಟೆ. ಬಿಸಿಲು ತಗಡಿಗೆ ಬಿದ್ದು ಶೆಡ್ಡು ಕಾಯುತ್ತಿದೆ. ಮೂರು ಪದರ ಮುಗಿದಿವೆ. ಮಂಜಿ ಮಾಸ್ಕು ತೆಗೆದು, ಮುಖದ ಮೇಲೆ ಅದು ಒತ್ತಿದ ಗೆರೆಯನ್ನು ಬೆರಳಿನಿಂದ ತೀಡಿಕೊಳ್ಳುತ್ತಾರೆ. ನಿಮ್ಮ ಹೆಸರೂ ಅಂಗಡಿಯ ಬೋರ್ಡಿನಲ್ಲಿ ಬರಬೇಕು ಅನಿಸುವುದಿಲ್ಲವೇ ಎಂದರೆ, ನಗು ಬಂದು ಅಲ್ಲೇ ನಿಲ್ಲುತ್ತದೆ.

"ಬೋರ್ಡು ಎಂತಕೆ ತಂಗಿ? ಅಂಗಳಕ್ಕೆ ಕಾಲಿಟ್ಟಾಗ ಅವ್ರು ದಿನಾ ಬಯ್ತಾ ಇರ್ಲಿ, ನಂಗೆ ಅಷ್ಟು ಸಾಕು. ಬಯ್ಯೂಕೆ ಯಾರೂ ಇಲ್ದ ದಿನ ಒಂದು ಬತ್ತದಲ್ಲ, ಆವತ್ತು ಬಾವಿಕಟ್ಟೆಗೆ ಹೋಗೂಕೆ ನನ್ನ ಕಾಲು ಏಳ್ತದೋ ಇಲ್ವೋ."