ಜಪಾನಿ ಪುಟದ ಹಸಿರು ತುಂಡು

ನನ್ನ ಅಂಗಡಿಯ ಮೇಜಿನ ಮೇಲೆ, ಕೀಲಿಮಣೆಯ ಪಕ್ಕದಲ್ಲಿ, ಅಂದು ಒಂದು ಬಿಸ್ಕತ್ತಿನ ಡಬ್ಬಿ ಕೂತಿತ್ತು. ಒಳಗೆ ಬಿಸ್ಕತ್ತೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು. ಸೂಜಿ, ದಾರದುಂಡೆ, ಸೀರೆಯಂಚಿನ ತುಣುಕು, ಮನೆಯ ಯಜಮಾನರ ಓದುವ ಕನ್ನಡಕ, ತೀರ ಅಡಿಯಲ್ಲಿ ಮಡಿಚಿಟ್ಟ ಒಂದು ಚೀಟಿ. ನಮ್ಮ ಕಡೆ ಇಂಥ ಡಬ್ಬಿ ಇಲ್ಲದ ಮನೆಯೊಂದನ್ನು ನೀವು ತೋರಿಸಿದರೆ ಮಿರ್ಚಿ ಮಂಡಕ್ಕಿ ನನ್ನ ಲೆಕ್ಕದಲ್ಲಿ.

ಡಬ್ಬಿ ತಂದವರು ಕೋಗಳಿಯ ಕೊಟ್ರಮ್ಮ, ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವವರು. ನಾನು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದೆದುರು ಲಗ್ನಪತ್ರಿಕೆ ಟೈಪು ಮಾಡುವವನು. ಹಲವು ವರ್ಷಗಳ ಹಿಂದೆ ಕೋಗಳಿಯ ಬಸದಿ ನೋಡಲು ಬಂದ ಜಪಾನಿನ ಹೆಂಗಸೊಬ್ಬಳು ಇವರ ಕಟ್ಟೆಯ ಮೇಲೆ ಹತ್ತು ದಿನ ಕೂತು ಹೊಲಿಗೆ ಕಲಿತು, ಮುಗಿದ ಕೌದಿಯನ್ನು ಉಡುಗೊರೆಯಾಗಿ ಒಯ್ದು, ಅದರ ಬಗ್ಗೆ ಅಂತರಜಾಲದಲ್ಲಿ ಬರೆದು, ಆ ಪುಟದ ವಿಳಾಸವನ್ನು ಡಬ್ಬಿಯಲ್ಲಿದ್ದ ಚೀಟಿಯಲ್ಲಿ ಕಳಿಸಿದ್ದಳು. ಅದನ್ನು ಯಾರು ಬೇಕಾದರೂ ಓದಬಹುದೆಂದು ಮೊನ್ನೆ ಯಾರೋ ಹೇಳಿದ್ದೇ ತಡ, ಕೊಟ್ರಮ್ಮನವರ ನಿದ್ದೆ ಹಾರಿಹೋಗಿತ್ತು.

"ಅಕಿಗೆ ಕನ್ನಡ ಬರಂಗಿಲ್ಲ ಅಂತ ಎಲ್ಲಾ ಹೇಳ್ಕೊಂಡೀನಿ ತಮ್ಮಾ. ಅದನ್ನೂ ಬರದಾಳೇನು ನೋಡು."

ಹೇಳಿಕೊಂಡದ್ದು ಮಗಳ ಮಾತು. ಐದು ವರ್ಷದ ಕೂಸು ಜ್ವರದಲ್ಲಿ ತೀರಿಕೊಂಡ ಮೇಲೆ ಆ ಹೆಸರು ಕೇಳಿದರೆ ಗಂಡ ಊಟ ಬಿಟ್ಟು ಎದ್ದುಬಿಡುತ್ತಿದ್ದರಂತೆ. ಹೀಗೆ ಮನೆಯಲ್ಲಿ ಹೆಸರೇ ನಿಂತುಹೋಯಿತು. ಆ ಕೂಸಿನ ಹಸಿರು ಲಂಗದ ತುಂಡೊಂದು ಕೌದಿಯಲ್ಲಿತ್ತು. ಅದನ್ನು ಹೊಲಿಯುವಾಗಲೆಲ್ಲ ಭಾಷೆ ತಿಳಿಯದ ಅತಿಥಿಯ ಮುಂದೆ ತಾಯಿ ಮನಸ್ಸು ಬಿಚ್ಚಿದ್ದರು. ಈಗ ಗಂಡನ ಕಿವಿಗೆ ಬಿದ್ದರೆ ಹೇಗೆ ಎಂಬ ದಿಗಿಲು.

ಪುಟ ತೆರೆದರೆ ಕೊಂಬು, ಚುಕ್ಕಿ, ಬಾಲ ಹೊತ್ತ ಯಾವ ಭಾಷೆಯದೂ ಅಲ್ಲದ ಅಕ್ಷರಗಳ ಸಂತೆ. ಕನ್ನಡದ ಹಳೆ ಕಡತಗಳು ಹೀಗೆ ಹುಚ್ಚಾಪಟ್ಟೆ ಕಂಡಾಗ ತಕ್ಕ ಫಾಂಟ್ ಹಾಕಿ ಸರಿಪಡಿಸಿ ಭೇಷ್ ಎನ್ನಿಸಿಕೊಂಡವನು ನಾನು. ಅದೇ ಗತ್ತಿನಲ್ಲಿ ಮೂರು ಜಪಾನಿ ಫಾಂಟುಗಳನ್ನು ಇಳಿಸಿದೆ. ಅಕ್ಷರಗಳು ಜಗ್ಗಲಿಲ್ಲ. ಆ ಗೊಂದಲವನ್ನೇ ನಕಲು ಮಾಡಿ ಉಳಿಸಲು ಹೋದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾದವು. ಅಳಿಸಿಹೋದವೇನು ಎಂದು ಕೊಟ್ರಮ್ಮ ಕೇಳಿದರು. ಆ ದನಿಯಲ್ಲಿ ಸಮಾಧಾನವೂ ಇತ್ತು, ಸಂಕಟವೂ ಇತ್ತು.

ಅಳಿದದ್ದು ನನ್ನ ನಕಲು ಮಾತ್ರ, ಮೂಲ ಹಾಗೇ ಇತ್ತು. ಗಣಕಯಂತ್ರ ಇಟ್ಟುಕೊಳ್ಳುವುದು ಬರೀ ಅಂಕಿಗಳನ್ನು. ಯಾವ ಅಂಕಿಗೆ ಯಾವ ಅಕ್ಷರ ಎಂಬ ಪಟ್ಟಿ ಬೇರೆ. ಆಕೆ ಜಪಾನಿನ ಹಳೆಯ ಪಟ್ಟಿ ಹಿಡಿದು ಬರೆದಿದ್ದಳು, ನನ್ನ ಯಂತ್ರ ಬೇರೊಂದನ್ನು ಹಿಡಿದು ಓದುತ್ತಿತ್ತು. ನನಗೆ ಓದಲು ಬಾರದ್ದನ್ನೆಲ್ಲ ಕೆಟ್ಟಿದೆ ಎನ್ನುವ ಚಾಳಿ ನನಗೆ ಹಳೆಯದು, ಮನುಷ್ಯರ ವಿಷಯದಲ್ಲಂತೂ ಇನ್ನೂ ಹಳೆಯದು. ತಪ್ಪಾಗಿ ಓದಿದ್ದನ್ನೇ ನಿಜವೆಂದು ಉಳಿಸಿಕೊಂಡು ಎಷ್ಟು ಸ್ನೇಹಗಳನ್ನು ಪ್ರಶ್ನಾರ್ಥಕ ಮಾಡಿಕೊಂಡಿದ್ದೇನೋ, ನೆನೆದರೆ ನಾಚಿಕೆಯಾಗುತ್ತದೆ. ಇರಲಿ. ಪುಟವನ್ನು ಇದ್ದ ಹಾಗೇ ಇಳಿಸಿಕೊಂಡು, ಆ ಹಳೆಯ ಪಟ್ಟಿಯನ್ನು ಆರಿಸಿ ತೆರೆದೆ. ಜಪಾನಿ ಅಕ್ಷರಗಳು ಒಮ್ಮೆಗೇ ಸಾಲುಗಟ್ಟಿ ನಿಂತವು.

ಫೋನಿನ ಅನುವಾದ ಕೌದಿಯನ್ನು 'ಹಾಸಿಗೆಯ ಮುಚ್ಚಳ' ಎಂದಿತು. ನಾನು ಒರಟು ಸವರಿ ಓದಿ ಹೇಳಿದೆ. "ಅವರ ಮಾತು ನನಗೆ ಒಂದೂ ತಿಳಿಯಲಿಲ್ಲ. ಹಸಿರು ತುಂಡಿನ ಹತ್ತಿರ ಬಂದಾಗಲೆಲ್ಲ ಅವರ ದನಿ ಇಳಿಯುತ್ತಿತ್ತು. ಅಲ್ಲಿ ನಾನೂ ಮೆಲ್ಲಗೆ ಹೊಲಿದೆ. ಈಗಲೂ ಆ ಕಡೆ ಕಾಲು ಚಾಚಿ ಮಲಗುವುದಿಲ್ಲ."

ಕೊಟ್ರಮ್ಮ ಪರದೆಯ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದರು. "ತಿಳದೈತಿ ಬಿಡು ಅಕಿಗೆ," ಎಂದರು ಆಮೇಲೆ.

ಕನ್ನಡದ ಜೊತೆ ಆಕೆಯ ಅಕ್ಷರಗಳನ್ನೂ ಅಚ್ಚು ಹಾಕಿಕೊಡಲು ಹೇಳಿದರು. ಗುಂಡಿ ಒತ್ತುವ ಮೊದಲು ನನ್ನ ಕೈ ತಡೆದರು.

"ಕೆಳಗ ಒಂದು ಸಾಲು ಬರಿ ತಮ್ಮಾ. ಹಸಿರು ತುಂಡು ನಮ್ಮ ರೇಣವ್ವಂದು."

ಬರೆದೆ. ಅವರು ಹಾಳೆಯನ್ನು ಮಡಿಚಿ ಡಬ್ಬಿಗೆ ಹಾಕಿದರು. ಚೀಟಿಯ ಹಾಗೆ ಅಡಿಯಲ್ಲಲ್ಲ, ಎಲ್ಲದರ ಮೇಲೆ, ಗಂಡ ಓದಲು ತೆಗೆಯುವ ಕನ್ನಡಕದ ಕೆಳಗಷ್ಟೇ.